ವಕೀಲರಿಗಿಂತ ಮೊದಲು 86 ಹಾಳೆ

ಕಲಬುರಗಿ ಕೋರ್ಟಿನ ಹತ್ತಿರ ನನ್ನದೊಂದು ಝೆರಾಕ್ಸ್ ಅಂಗಡಿ. ಜೊತೆಗೆ ಟೈಪಿಂಗ್. 17 ವರ್ಷದಿಂದ ಊರವರ ಜಗಳಗಳನ್ನು ಪುಟಕ್ಕೆ 2 ರೂಪಾಯಿಯಂತೆ ನಕಲು ಮಾಡಿಕೊಡುತ್ತಿದ್ದೇನೆ. ಹೊಲದ ಬದುವಿನ ಕೇಸು, ಚೆಕ್ ಬೌನ್ಸು, ಜೀವನಾಂಶ, ಎಲ್ಲವೂ ನನ್ನ ಮಷೀನಿನ ಗಾಜಿನ ಮೇಲೆ ಬೋರಲು ಮಲಗಿ ಎದ್ದು ಹೋಗಿವೆ. ದವಾಖಾನೆ ಕೇಸು ಮಾತ್ರ ದೂರದಿಂದಲೇ ಗೊತ್ತಾಗುತ್ತದೆ. ತಂದವರು ಫೈಲನ್ನು ಕೌಂಟರ್ ಮೇಲೆ ಇಡುವುದಿಲ್ಲ. ಎದೆಗೆ ಒತ್ತಿಕೊಂಡೇ ನಿಂತಿರುತ್ತಾರೆ.

ಅವರು ಕೇಳುವ ಪ್ರಶ್ನೆಯೂ ಒಂದೇ. "ಅಣ್ಣಾ, ಇದಕ್ಕ ವಕೀಲರನ್ನ ಹಿಡೀಬೇಕಾ, ಬ್ಯಾಡಾ?"

ನಾನು ವಕೀಲನಲ್ಲ. ಪಿಯುಸಿ ಮುಗಿಸಿ ಮಷೀನ್ ಹಾಕಿಕೊಂಡು ಕೂತವನು. ಆದರೆ ಅಂಥದೊಂದು ಫೈಲು ನಮ್ಮ ಮನೆಗೂ ಬಂದ ಮೇಲೆ ಈ ಪ್ರಶ್ನೆಗೆ ಸ್ವಲ್ಪ ಉತ್ತರ ಸಿಕ್ಕಿದೆ. ಸಿಗುವಷ್ಟರಲ್ಲಿ ಒಂದೂವರೆ ವರ್ಷ ಹಾಳಾಗಿತ್ತು, ಅದು ಬೇರೆ ಮಾತು.

ನಮ್ಮ ಅಕ್ಕ ಖಡಕ್ ರೊಟ್ಟಿ ಮಾಡಿ ಮಾರುತ್ತಾಳೆ. ಬ್ರಹ್ಮಪುರದ ಮನೆಯಲ್ಲೇ ಒಲೆ. ಮೆಸ್ಸುಗಳಿಗೆ, ಮದುವೆ ಮನೆಗಳಿಗೆ ಕೊಡುತ್ತಾಳೆ. 2022ರ ಫೆಬ್ರವರಿಯಲ್ಲಿ ಪಿತ್ತಕೋಶದಲ್ಲಿ ಕಲ್ಲು ಎಂದು ಊರಿನ ಒಂದು ಖಾಸಗಿ ದವಾಖಾನೆಗೆ ಸೇರಿಸಿದೆವು. ದುರ್ಬೀನ್ ಆಪರೇಷನ್, ಹೊಟ್ಟೆ ಕೊಯ್ಯುವುದಿಲ್ಲ, ಮೂರನೇ ದಿನ ಮನೆಗೆ ಹೋಗಬಹುದು ಎಂದರು. ಬಿಲ್ಲು 62,000 ರೂಪಾಯಿ.

ಮರುದಿನವೇ ಹೊಟ್ಟೆ ಉಬ್ಬಿತು. ಜ್ವರ ಬಂತು. "ಗ್ಯಾಸ್ ಅದ, ಓಡಾಡ್ರಿ, ಹೋಗ್ತದ" ಎಂದರು. ನಾಲ್ಕನೇ ದಿನ ಗುಳಿಗೆ ಕೊಟ್ಟು ಕಳಿಸಿದರು. ಆರನೇ ದಿನ ನೋವು ತಾಳದೆ ಮತ್ತೆ ಹೋದಳು. ಒಂದು ಇಂಜೆಕ್ಷನ್, ವಾಪಸ್ ಮನೆಗೆ. ಒಂಬತ್ತನೇ ದಿನ ಬೆಳಿಗ್ಗೆ ನೋಡಿದರೆ ಕಣ್ಣು ಅರಿಶಿನ ಹಚ್ಚಿದಂತಿತ್ತು. ಭಾವ ಕಾಯಲಿಲ್ಲ. ಗಾಡಿ ಮಾಡಿಕೊಂಡು ಸೊಲ್ಲಾಪುರಕ್ಕೆ ಕರೆದೊಯ್ದರು. ಜೀವದ ಮಾತು ಬಂದರೆ ನಮ್ಮ ಕಡೆಯವರಿಗೆ ಎರಡೇ ದಿಕ್ಕು ಅಲ್ವಾ, ಒಂದು ಸೊಲ್ಲಾಪುರ, ಇನ್ನೊಂದು ಹೈದರಾಬಾದ್. ಅಲ್ಲಿ ಸ್ಕ್ಯಾನ್ ಮಾಡಿದಾಗ ಗೊತ್ತಾಯಿತು. ಪಿತ್ತಕೋಶ ತೆಗೆಯುವಾಗ ಪಿತ್ತನಾಳಕ್ಕೂ ಏಟು ಬಿದ್ದಿದೆ, ಪಿತ್ತರಸ ಹೊಟ್ಟೆಯೊಳಗೆ ಸೋರುತ್ತಿದೆ. ಇನ್ನೊಂದು ದೊಡ್ಡ ಆಪರೇಷನ್. 24 ದಿನ ಅಲ್ಲೇ. 3 ಲಕ್ಷ 80 ಸಾವಿರ ಖರ್ಚು. ಅಕ್ಕ 14 ಕಿಲೋ ಇಳಿದಳು.

ಭಾವನ ತಮ್ಮ ನಾಲ್ಕು ಹುಡುಗರನ್ನು ಕಟ್ಟಿಕೊಂಡು ಮೊದಲಿನ ದವಾಖಾನೆಯ ಗಾಜು ಒಡೆಯಲು ಹೊರಟಿದ್ದ. ಹಿಡಿದು ಕೂರಿಸಿದೆವು. ದವಾಖಾನೆ ಮೇಲೆ ಕೈ ಮಾಡಿದವರಿಗೆ ಕರ್ನಾಟಕದಲ್ಲಿ 2009ರಿಂದ ಬೇರೆ ಕಾನೂನೇ ಇದೆ. ಗಾಜು ಒಡೆದಿದ್ದರೆ ಅಕ್ಕನ ಕೇಸಿಗಿಂತ ಮೊದಲು ಅವನ ಜಾಮೀನಿಗೆ ವಕೀಲರು ಬೇಕಾಗುತ್ತಿತ್ತು.

ಭಾವ ಪೊಲೀಸ್ ಠಾಣೆಗೆ ಹೋದರು. ಅಲ್ಲಿ ದೂರು ಇಸಿದುಕೊಂಡರು, ಆದರೆ ಎಫ್‌ಐಆರ್ ತಕ್ಷಣ ಆಗಲಿಲ್ಲ. ಆಗ ನಮಗೆ ಪೊಲೀಸರ ಮೇಲೆ ವಿಪರೀತ ಸಿಟ್ಟು ಬಂತು. ಆಮೇಲೆ ತಿಳಿಯಿತು, ಸುಪ್ರೀಂ ಕೋರ್ಟ್ 2005ರಲ್ಲೇ ಜೇಕಬ್ ಮ್ಯಾಥ್ಯೂ ಕೇಸಿನಲ್ಲಿ ಇದನ್ನು ಹೇಳಿಬಿಟ್ಟಿದೆ. ಡಾಕ್ಟರ ಮೇಲೆ ಕ್ರಿಮಿನಲ್ ಕೇಸು ಹಾಕಬೇಕಾದರೆ ಸಣ್ಣಪುಟ್ಟ ತಪ್ಪು ಸಾಲದು, ಘೋರ ನಿರ್ಲಕ್ಷ್ಯ ಇರಬೇಕು. ಅದಕ್ಕೂ ಮೊದಲು ಪೊಲೀಸರು ಬೇರೆ ಡಾಕ್ಟರ ಅಭಿಪ್ರಾಯ ಪಡೆಯಬೇಕು, ಸರ್ಕಾರಿ ಸೇವೆಯಲ್ಲಿ ಇರುವವರದಾದರೆ ಒಳ್ಳೆಯದು. ಠಾಣೆಯಿಂದ ಪರಿಹಾರದ ದುಡ್ಡಂತೂ ಬರುವುದಿಲ್ಲ. ನಮಗೆ ಬೇಕಾಗಿದ್ದದ್ದು ಸೊಲ್ಲಾಪುರದ ಸಾಲ ತೀರಿಸಲು ದುಡ್ಡು. ಅದಕ್ಕೆ ದಾರಿ ಗ್ರಾಹಕರ ಆಯೋಗ. 1995ರಲ್ಲಿ ವಿ.ಪಿ. ಶಾಂತಾ ಕೇಸಿನ ತೀರ್ಪು ಬಂದಾಗಿನಿಂದ, ದುಡ್ಡು ಕೊಟ್ಟು ಮಾಡಿಸಿಕೊಂಡ ಚಿಕಿತ್ಸೆಯೂ ಗ್ರಾಹಕ ಕಾನೂನಿನ ಕೆಳಗೆ ಬರುತ್ತದೆ.

ಈಗ ನಮ್ಮ ಮೊದಲನೇ ವಕೀಲರ ಕಥೆ. ಏಪ್ರಿಲ್‌ನಲ್ಲಿ ಹೋದೆವು. ನನ್ನದೇ ಗಿರಾಕಿ, ದಿನಾ ಮುಖ ನೋಡುವ ಮನುಷ್ಯ. ಫೈಲು ಬಿಚ್ಚಿಯೂ ನೋಡಲಿಲ್ಲ. "ಐವತ್ತು ಲಕ್ಷ ಕೇಳೋಣ" ಎಂದರು. 15,000 ಅಡ್ವಾನ್ಸ್ ತೆಗೆದುಕೊಂಡರು, ವಕಾಲತ್ತಿಗೆ ಅಕ್ಕನ ಸಹಿ ಹಾಕಿಸಿದರು. ಜೂನ್‌ನಲ್ಲಿ ಒಂದು ನೋಟಿಸ್ ಹೋಯಿತು. ಜುಲೈನಲ್ಲಿ ದವಾಖಾನೆಯಿಂದ ಉತ್ತರ ಬಂತು, ಎಲ್ಲ ಸುಳ್ಳು ಎಂದು. ಆಮೇಲೆ ಸದ್ದಿಲ್ಲ. ಕೇಳಿದಾಗಲೆಲ್ಲ "ನೋಟಿಸ್ ಹೋಗ್ಯದಲ್ಲ, ಅವಸರ ಯಾಕ?" ಎನ್ನುತ್ತಿದ್ದರು. ನಾವೂ ಸುಮ್ನೆ ಇದ್ದೆವು. ನೋಟಿಸ್ ಹೋದರೆ ಕೇಸು ಹಾಕಿದ ಹಾಗೆ ಎಂದು ನಂಬಿದ್ದೆವು.

ಅದು ದೊಡ್ಡ ತಪ್ಪು. ಗ್ರಾಹಕರ ಆಯೋಗಕ್ಕೆ ದೂರು ಕೊಡಲು ಎರಡು ವರ್ಷ ಗಡುವು. ನೋಟಿಸ್ ಕಳಿಸಿದರೆ ಆ ಗಡುವು ಒಂದು ದಿನವೂ ಮುಂದೆ ಹೋಗುವುದಿಲ್ಲ. ತಡವಾದರೆ ಕಾರಣ ಕೊಟ್ಟು ಮನ್ನಿಸಿ ಎಂದು ಕೇಳಬಹುದು. ಕೇಳಬಹುದು ಅಷ್ಟೇ, ಒಪ್ಪುವುದು ಬಿಡುವುದು ಅವರಿಗೆ ಬಿಟ್ಟದ್ದು.

ಆ ಹೊತ್ತಿಗೆ ಇನ್ನೊಬ್ಬನೂ ಅಂಟಿಕೊಂಡಿದ್ದ. ದವಾಖಾನೆ ಗೇಟಿನ ಹತ್ತಿರ ಓಡಾಡುವವನು. "ಒಂದು ಪೈಸಾ ಬ್ಯಾಡ, ಗೆದ್ದರ ಮೂವತ್ತು ಪರ್ಸೆಂಟ್ ಕೊಡ್ರಿ, ವಕೀಲರು ನಮ್ಮವರೇ" ಎಂದು. ಭಾವನಿಗೆ ಅದು ಬಹಳ ಚಂದ ಕಂಡಿತು. ಗೆದ್ದ ದುಡ್ಡಿನಲ್ಲಿ ಪಾಲು ಎಂದು ಫೀಸು ಮಾತಾಡಿಕೊಳ್ಳುವುದನ್ನು ವಕೀಲರಿಗೆ ಬಾರ್ ಕೌನ್ಸಿಲ್ ನಿಯಮವೇ ಬೇಡ ಎನ್ನುತ್ತದೆ. ಅಂಥ ಮಾತಿನಿಂದ ಶುರುವಾಗುವವರು ಆಮೇಲೆ ಯಾವ ನಿಯಮ ಪಾಲಿಸುತ್ತಾರೆ?

2023ರ ಸೆಪ್ಟೆಂಬರ್‌ನಲ್ಲಿ ಒಬ್ಬರು ಮೇಡಂ ಅಂಗಡಿಗೆ ಬಂದರು. ಸಿವಿಲ್ ವಕೀಲರು, ವಯಸ್ಸು ಅರವತ್ತರ ಹತ್ತಿರ. ಕರೆಂಟ್ ಹೋಗಿತ್ತು. ಕಾಯುತ್ತಾ ಕೂತಾಗ ಅಕ್ಕನ ಸಂಗತಿ ಹೇಳಿದೆ. ಅವರು ಕೇಳಿದ ಮೊದಲ ಮಾತು, "ಕೇಸ್ ಶೀಟ್ ಎಲ್ಲಿ ಅದ, ತಮ್ಮಾ?"

"ಡಿಸ್ಚಾರ್ಜ್ ಕಾರ್ಡ್ ಅದಲ್ಲರಿ ಮೇಡಂ."

"ಅದು ಅವರು ನಿಮಗ ಕೊಟ್ಟಿದ್ದು. ಅವರು ತಮ್ಮ ಸಲುವಾಗಿ ಬರಕೊಂಡಿದ್ದು ಬೇಕು."

17 ವರ್ಷ ಈ ಕೋರ್ಟಿನ ಬಾಗಿಲಲ್ಲಿ ಕೂತವನಿಗೆ ಇದು ಹೊಳೆದಿರಲಿಲ್ಲ. ಡಿಸ್ಚಾರ್ಜ್ ಕಾರ್ಡ್ ಎಂದರೆ ಒಂದು ಹಾಳೆ, ಎಲ್ಲ ಸರಿ ಹೋಯಿತು ಎಂದು ಬರೆದದ್ದು. ಕೇಸ್ ಶೀಟ್ ಎಂದರೆ ಒಳಗಿನ ಪೂರ್ತಿ ಕಡತ. ಡಾಕ್ಟರು ಬರೆದ ಟಿಪ್ಪಣಿ, ನರ್ಸಮ್ಮಂದಿರು ತಾಸು ತಾಸಿಗೆ ಬರೆದ ಜ್ವರ, ಬಿಪಿ, ಆಪರೇಷನ್ ಟಿಪ್ಪಣಿ, ಒಪ್ಪಿಗೆ ಪತ್ರ, ರಕ್ತದ ರಿಪೋರ್ಟುಗಳು. ರೋಗಿ ಅಥವಾ ಅವರ ಕಡೆಯವರು ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎಂದು ವೈದ್ಯಕೀಯ ಪರಿಷತ್ತಿನ 2002ರ ನಿಯಮ ಹೇಳುತ್ತದೆ. ಒಳರೋಗಿಗಳ ದಾಖಲೆಯನ್ನು ಮೂರು ವರ್ಷ ಇಟ್ಟುಕೊಳ್ಳಬೇಕು ಎಂದೂ ಇದೆ. ಮೂರೇ ವರ್ಷ, ನೆನಪಿರಲಿ.

ನಾನೇ ಅರ್ಜಿ ಟೈಪ್ ಮಾಡಿದೆ. ಕೌಂಟರಿನ ಹುಡುಗಿ ತೆಗೆದುಕೊಂಡಳು, ಆದರೆ ನಮ್ಮ ನಕಲಿನ ಮೇಲೆ ಸಹಿ ಹಾಕಲು ಒಪ್ಪಲಿಲ್ಲ. "ಸಾಹೇಬ್ರು ಇಲ್ಲ", "ಸಿಸ್ಟಮ್ ಬಂದ್ ಅದ", "ಸೋಮವಾರ ಬರ್ರಿ". ಮೇಡಂ ಹೇಳಿದಂತೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದೆವು. ಸ್ವೀಕೃತಿ ಕಾರ್ಡ್ ವಾಪಸ್ ಬಂದ ಮೇಲೆ ಗಾಳಿ ಬದಲಾಯಿತು. ಹದಿನೈದು ದಿನಕ್ಕೆ ಹಾಳೆಗಳು ಸಿಕ್ಕವು, 86. ಪುಟಕ್ಕೆ 5 ರೂಪಾಯಿ ಹಚ್ಚಿದರು. ನನ್ನ ರೇಟಿನ ಎರಡೂವರೆ ಪಟ್ಟು, ಅದೂ ಮಸುಕು ಮಸುಕು. ಆ ದುಃಖದಲ್ಲೂ ಅದನ್ನು ನೋಡಿ ನನಗೆ ಹೊಟ್ಟೆ ಉರಿಯಿತು.

ಮೇಡಂ ಆ 86 ಹಾಳೆಯನ್ನು ಮನೆಗೆ ಒಯ್ದು ಎರಡು ದಿನ ಓದಿದರು. ಮೂರನೇ ದಿನ ಕರೆದು ಹೇಳಿದ ಮಾತು ನನಗೆ ಇವತ್ತಿಗೂ ಕಿವಿಯಲ್ಲಿದೆ.

"ನಾಳ ತುಂಡಾಗಿದ್ದಕ್ಕ ಕೇಸ್ ಹಾಕಿದರ ಸೋಲ್ತೀರಿ. ಒಂಬತ್ತು ದಿನ ಸುಮ್ನ ಕುಂತಿದ್ದಕ್ಕ ಹಾಕ್ರಿ."

ಬಿಡಿಸಿ ಹೇಳಿದರು. ಈ ಆಪರೇಷನ್‌ನಲ್ಲಿ ಪಿತ್ತನಾಳಕ್ಕೆ ಏಟಾಗುವುದು ನುರಿತವರ ಕೈಯಲ್ಲೂ ಒಮ್ಮೊಮ್ಮೆ ಆಗುತ್ತದೆ. ಊತ ಇರುತ್ತದೆ, ಒಳಗೆ ಎಲ್ಲ ಒಂದಕ್ಕೊಂದು ಅಂಟಿಕೊಂಡಿರುತ್ತದೆ. ಅಂಥ ಏಟು ಆಯಿತು ಎಂದ ಮಾತ್ರಕ್ಕೆ ನಿರ್ಲಕ್ಷ್ಯ ಎಂದು ಯಾವ ಆಯೋಗವೂ ಹೇಳುವುದಿಲ್ಲ. ಸಾಧಾರಣ ತಿಳಿವಳಿಕೆಯ ಇನ್ನೊಬ್ಬ ಸರ್ಜನ್ ಅದೇ ಜಾಗದಲ್ಲಿ ಏನು ಮಾಡುತ್ತಿದ್ದರು ಎಂದು ನೋಡುತ್ತದೆ. ಅಕ್ಕನ ನರ್ಸ್ ಚಾರ್ಟಿನಲ್ಲಿ ಎರಡನೇ ರಾತ್ರಿಯಿಂದಲೇ 101, 102 ಜ್ವರ ಬರೆದಿದೆ. "ಹೊಟ್ಟೆ ಉಬ್ಬರ, ಡಾಕ್ಟರಿಗೆ ತಿಳಿಸಲಾಗಿದೆ" ಎಂದು ಎರಡು ಸಲ ಬರೆದಿದೆ. ಪಾಪ, ಯಾವ ನರ್ಸಮ್ಮನೋ, ದುಂಡಗಿನ ಅಕ್ಷರ. ಆದರೆ ಪಕ್ಕದಲ್ಲಿ ಡಾಕ್ಟರ ಟಿಪ್ಪಣಿ ಖಾಲಿ. ಲಿವರ್ ರಕ್ತ ಪರೀಕ್ಷೆ ಇಲ್ಲ. ಮತ್ತೊಂದು ಸ್ಕ್ಯಾನಿಂಗ್ ಇಲ್ಲ. ಆರನೇ ದಿನ ಬಂದಾಗಲೂ ಇಲ್ಲ. ನಮ್ಮ ಕೇಸು ಆ ಖಾಲಿ ಜಾಗದಲ್ಲಿತ್ತು. ಮೊದಲಿನ ನೋಟಿಸ್‌ನಲ್ಲಿ ಇದರ ಒಂದು ಸಾಲೂ ಇರಲಿಲ್ಲ. ಬರೀ "ಡಾಕ್ಟರು ನಾಳ ಕತ್ತರಿಸಿದರು" ಎಂದಿತ್ತು.

ಒಪ್ಪಿಗೆ ಪತ್ರವನ್ನೂ ತೋರಿಸಿದರು. ಅಚ್ಚು ಹಾಕಿದ ಇಂಗ್ಲಿಷ್ ಹಾಳೆ, ಆಪರೇಷನ್ ಹೆಸರಿನ ಜಾಗ ಖಾಲಿ, ಕೆಳಗೆ ಭಾವನ ಸಹಿ. ಅಕ್ಕ ಎಚ್ಚರವಾಗಿದ್ದಳು, ಕನ್ನಡ ಓದಲು ಬರೆಯಲು ಬರುತ್ತದೆ. ಅವಳನ್ನು ಯಾರೂ ಕೇಳಿಲ್ಲ. ರೋಗಿ ತಿಳಿದು ಒಪ್ಪಬೇಕು ಎಂದು 2008ರಲ್ಲಿ ಸಮೀರಾ ಕೊಹ್ಲಿ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ವಕೀಲರು ಯಾವಾಗ ಬೇಕು ಎಂದು ಕೇಳಿದವರಿಗೆ ನಾನು ಈಗ ಇದನ್ನೇ ಹೇಳುತ್ತೇನೆ. ತಪ್ಪು ಎಲ್ಲಿದೆ ಎಂದು ನಿಮ್ಮ ಕಣ್ಣಿಗೆ ಕಾಣುವುದು ಒಂದು, ಕಾಗದದಲ್ಲಿ ಇರುವುದು ಇನ್ನೊಂದು, ಹಾಗಾಗಿದ್ದರೆ ವಕೀಲರು ಬೇಕು. ಡಾಕ್ಟರ ಮಾತಿಗೆ ಎದುರು ಇನ್ನೊಬ್ಬ ಡಾಕ್ಟರ ಮಾತು ಬೇಕಾದರೆ ವಕೀಲರು ಬೇಕೇ ಬೇಕು. ಜೀವ ಹೋಗಿದ್ದರೆ, ಅಂಗ ಹೋಗಿದ್ದರೆ, ಮಗು ಹುಟ್ಟುವಾಗ ಪೆಟ್ಟಾಗಿದ್ದರೆ ಎರಡನೇ ಯೋಚನೆ ಬೇಡ.

ಬೇಡವಾದ ಕೇಸುಗಳೂ ಇವೆ. ಸೇಡಂ ರಸ್ತೆಯ ದಾಲ್ ಮಿಲ್ಲೊಂದರ ಲಾರಿ ಡ್ರೈವರ್ ನನ್ನ ಅಂಗಡಿಗೆ ಬರುತ್ತಾನೆ. ಅವನ ಮಗನನ್ನು ಸೇರಿಸುವಾಗ ಕಟ್ಟಿದ ಡಿಪಾಸಿಟ್‌ನಲ್ಲಿ 8,000 ವಾಪಸ್ ಬರಬೇಕಿತ್ತು, ಕೊಟ್ಟಿರಲಿಲ್ಲ. ಎರಡು ರಸೀದಿ, ಒಂದು ಫೈನಲ್ ಬಿಲ್. ಕೂಡಿಸಿ ಕಳೆದರೆ ಮುಗಿಯಿತು. ಇದಕ್ಕೆ ಯಾವ ವಕೀಲರು? ಕನ್ನಡದಲ್ಲೇ ಎರಡು ಪುಟ ದೂರು ಟೈಪ್ ಮಾಡಿಕೊಟ್ಟೆ. ಗ್ರಾಹಕರ ಆಯೋಗದಲ್ಲಿ ನಮ್ಮ ಕೇಸು ನಾವೇ ಹೇಳಿಕೊಳ್ಳಬಹುದು. 5 ಲಕ್ಷದೊಳಗಿನ ಬಿಲ್ಲಿನ ಕೇಸಿಗೆ ಫೀಸೂ ಇಲ್ಲ. ಎರಡನೇ ವಿಚಾರಣೆಗೇ ದವಾಖಾನೆಯವರು ಚೆಕ್ ತಂದುಕೊಟ್ಟರು. ಬಿಲ್ಲು, ದರಪಟ್ಟಿಯ ತಕರಾರು ಇದ್ದರೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರಕ್ಕೂ ಬರೆಯಬಹುದು, ಖಾಸಗಿ ದವಾಖಾನೆಗಳ ಮೇಲಿನ ರಾಜ್ಯದ ಕಾಯ್ದೆಯಲ್ಲಿ ಅದಕ್ಕೆ ಜಾಗ ಇದೆ. ಡಾಕ್ಟರ ಲೈಸೆನ್ಸ್ ಬಗ್ಗೆ ದೂರು ಇದ್ದರೆ ಬೆಂಗಳೂರಿನ ಕರ್ನಾಟಕ ವೈದ್ಯಕೀಯ ಪರಿಷತ್ತು. ಅಲ್ಲಿ ಶಿಸ್ತು ಕ್ರಮ ಆಗಬಹುದು, ದುಡ್ಡು ಸಿಗುವುದಿಲ್ಲ.

ಇನ್ನು, ಕೇಸೇ ಅಲ್ಲದ್ದು. ಜೇವರ್ಗಿ ಕಡೆಯ ನಮ್ಮ ಕಾಕಾ ಎದೆನೋವು ಬಂದು ಸರ್ಕಾರಿ ದವಾಖಾನೆಯಲ್ಲಿ ತೀರಿಕೊಂಡರು. ಕಾಕಾನ ಮಗ ನನ್ನ ಮೇಲೆ ಒತ್ತಡ ಹಾಕಿದ, ನಿನಗೆ ವಕೀಲರು ಗೊತ್ತಲ್ಲ ಎಂದು. ಮೇಡಂ ಹತ್ತಿರ ಕರೆದುಕೊಂಡು ಹೋದೆ. ಅವರು ಹಾಳೆ ತಿರುವಿ ಕೇಳಿದರು, "ಎದಿ ನೋವು ಎಷ್ಟಕ್ಕ ಶುರು ಆಯ್ತು?" ಬೆಳಿಗ್ಗೆ ಆರಕ್ಕೆ. ದವಾಖಾನೆಯ ಚೀಟಿಯಲ್ಲಿ ಹನ್ನೊಂದೂವರೆ. ನಡುವೆ ಊರಲ್ಲೇ ಎರಡು ಕಡೆ ತೋರಿಸಿ, ಗ್ಯಾಸಿನ ಗುಳಿಗೆ ನುಂಗಿಸಿ ಕಾದಿದ್ದೆವು. ಮೇಡಂ ಫೀಸು ತೆಗೆದುಕೊಳ್ಳಲಿಲ್ಲ. "ಇದರಾಗ ಕೇಸ್ ಇಲ್ಲ, ಮಗಾ" ಎಂದು ಫೈಲು ಕಟ್ಟಿ ಕೊಟ್ಟರು. ಅವನು ಹೊರಗೆ ಬಂದು ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತ. ಇಲ್ಲ ಎನ್ನಲು ಬರುವ ವಕೀಲರು ಸಿಕ್ಕರೆ ಅವರನ್ನು ಬಿಡಬೇಡಿ. ಹಾಂ, ಸರ್ಕಾರಿ ದವಾಖಾನೆಯ ಮಾತು ಬೇರೆ ಎಂಬುದೂ ಗೊತ್ತಿರಲಿ. ಎಲ್ಲರಿಗೂ ಎಲ್ಲವೂ ಪುಕ್ಕಟೆ ಇರುವ ಕಡೆ ಗ್ರಾಹಕ ಕಾನೂನು ನಡೆಯುವುದಿಲ್ಲ ಎಂದು ಅದೇ 1995ರ ತೀರ್ಪಿನಲ್ಲಿದೆ. ಅಲ್ಲಿ ನಿಜವಾಗಿ ತಪ್ಪಾಗಿದ್ದರೆ ಸಿವಿಲ್ ಕೋರ್ಟ್, ಹೈಕೋರ್ಟ್ ಎಂದು ಹೋಗಬೇಕು. ಅದು ವಕೀಲರಿಲ್ಲದೆ ಆಗುವ ಕೆಲಸವಲ್ಲ.

ತಜ್ಞ ಡಾಕ್ಟರ ಅಭಿಪ್ರಾಯ ಪಡೆಯುವುದೇ ನಮಗೆ ಎಲ್ಲಕ್ಕಿಂತ ಕಷ್ಟವಾಯಿತು. ಊರಿನ ಯಾವ ಸರ್ಜನ್ನೂ ಬರೆದುಕೊಡಲಿಲ್ಲ. ಬಾಯಲ್ಲಿ ಎಲ್ಲರೂ ಹೇಳಿದರು, ಕಾಗದದ ಮೇಲೆ ಬೇಡ ಎಂದರು. ದಿನಾ ಒಂದೇ ಕ್ಯಾಂಟೀನಿನಲ್ಲಿ ಚಹಾ ಕುಡಿಯುವವರು, ಅವರದೂ ಅರ್ಥವಾಗುತ್ತದೆ. ಮೇಡಂ ಎರಡು ಹಳೆ ಕೇಸು ಹೇಳಿದರು. ಔರಂಗಾಬಾದಿನ ಸರ್ಕಾರಿ ಆಸ್ಪತ್ರೆಯಲ್ಲಿ 1963ರಲ್ಲಿ ಒಬ್ಬ ಬಾಣಂತಿಯ ಹೊಟ್ಟೆಯಲ್ಲಿ ಟವೆಲ್ ಬಿಟ್ಟು ಹೊಲಿದಿದ್ದರು, ಆಕೆ ತೀರಿಕೊಂಡಳು. ಅಚ್ಯುತರಾವ್ ಖೋಡ್ವಾ ಕೇಸು ಎನ್ನುತ್ತಾರೆ. ಟವೆಲ್ ತಾನೇ ಸಾಕ್ಷಿ ಹೇಳುತ್ತದೆ, ಅಲ್ಲಿ ತಜ್ಞರು ಏನು ಹೇಳಬೇಕು? ಇನ್ನೊಂದು ಕಿಶನ್ ರಾವ್ ಕೇಸು, 2010ರದು. ಆತ ಮಲೇರಿಯಾ ಇಲಾಖೆಯ ಅಧಿಕಾರಿ. ಹೆಂಡತಿಗೆ ಮಲೇರಿಯಾ ಇದ್ದರೆ ದವಾಖಾನೆಯವರು ಟೈಫಾಯಿಡ್ ಎಂದು ಔಷಧಿ ಕೊಟ್ಟರು. ಪ್ರತಿಯೊಂದು ಕೇಸಿಗೂ ತಜ್ಞರ ಅಭಿಪ್ರಾಯ ಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು ಅದರಲ್ಲೇ. "ನಿಮ್ಮದು ಟವೆಲ್ ಅಲ್ಲ, ನಾಳ" ಎಂದರು ಮೇಡಂ. "ನಿಮಗ ತಜ್ಞರು ಬೇಕು." ಕೊನೆಗೆ ಬೇರೆ ಜಿಲ್ಲೆಯ ಒಬ್ಬ ನಿವೃತ್ತ ಸರ್ಜರಿ ಪ್ರೊಫೆಸರ್ ಹಾಳೆಗಳನ್ನು ಓದಿ ಬರೆದುಕೊಟ್ಟರು. ಏಟಾಗುವುದು ಆಗಬಹುದು, ಆದರೆ ಜ್ವರ, ಉಬ್ಬರ ಇದ್ದೂ ಒಂಬತ್ತು ದಿನ ಪರೀಕ್ಷೆ ಮಾಡದಿರುವುದು ಸರಿಯಲ್ಲ ಎಂದು. ಮೂರು ಪುಟ. ನಾನು ಅದನ್ನು ಎಂಟು ಸೆಟ್ ಮಾಡಿದೆ.

ಜನ ಅಂಗಡಿಯಲ್ಲಿ ಕಲ್ಕತ್ತಾದ ಕೇಸು ಎತ್ತುತ್ತಾರೆ. ಕುನಾಲ್ ಸಾಹಾ ಅವರಿಗೆ ಸುಮಾರು 6 ಕೋಟಿ ಸಿಕ್ಕಿದ್ದು, ಬಡ್ಡಿ ಬೇರೆ. ನಿಜ. ಹೆಂಡತಿ ತೀರಿಕೊಂಡದ್ದು 1998, ಆ ತೀರ್ಪು 2013. ಗಂಡ ತಾನೇ ಡಾಕ್ಟರ್, ಅಮೆರಿಕದಲ್ಲಿದ್ದವರು. ಅಷ್ಟು ವರ್ಷ ಹಟ ಹಿಡಿದು ಕೂರಲು ನಮ್ಮಲ್ಲಿ ಯಾರಿಗೆ ಆಗುತ್ತದೆ? ನಾವು ಕೇಳಿದ್ದು 18 ಲಕ್ಷ. 2023ರ ಡಿಸೆಂಬರ್‌ನಲ್ಲಿ ದೂರು ದಾಖಲಾಯಿತು. ಗಡುವಿಗೆ ಎರಡು ತಿಂಗಳೂ ಉಳಿದಿರಲಿಲ್ಲ.

ಹೈದರಾಬಾದಿಗೆ, ಸೊಲ್ಲಾಪುರಕ್ಕೆ ಹೋಗಿ ಅಲ್ಲೇ ಕೆಟ್ಟವರೂ ಬರುತ್ತಾರೆ. ಅಷ್ಟು ದೂರ ಹೋಗಿ ಯಾರು ಕೇಸು ನಡೆಸುತ್ತಾರೆ ಎಂದು ಬಿಟ್ಟುಬಿಡುತ್ತಾರೆ. 2020ರ ಜುಲೈಯಲ್ಲಿ ಹೊಸ ಗ್ರಾಹಕ ಕಾಯ್ದೆ ಜಾರಿಗೆ ಬಂದ ಮೇಲೆ, ದೂರು ಕೊಡುವವರು ಇರುವ ಊರಲ್ಲೇ ಕೇಸು ಹಾಕಬಹುದು. ಕಲಬುರಗಿಯವರು ಕಲಬುರಗಿಯಲ್ಲೇ. ಎದುರಿನವರು ಇಲ್ಲಿಗೆ ಬರಬೇಕು.

ನನಗೆ ಇವತ್ತಿಗೂ ನಾಚಿಕೆ ಎನಿಸುವ ಸಂಗತಿ ಒಂದಿದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕರಪತ್ರಗಳನ್ನು ನಾನೇ ಎಷ್ಟೋ ಸಲ ಝೆರಾಕ್ಸ್ ಮಾಡಿಕೊಟ್ಟಿದ್ದೇನೆ, ಸಾವಿರಗಟ್ಟಲೆ. ಒಮ್ಮೆಯೂ ಓದಿರಲಿಲ್ಲ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಪುಕ್ಕಟೆ ವಕೀಲರನ್ನು ಕೊಡುತ್ತಾರೆ ಎಂದು ಅದರಲ್ಲಿ ದಪ್ಪ ಅಕ್ಷರದಲ್ಲಿದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ, ಮಕ್ಕಳಿಗೆ, ಅಂಗವಿಕಲರಿಗೂ ಇದೆ. ಆ 15,000 ಉಳಿಯುತ್ತಿತ್ತು. ಸಹಾಯವಾಣಿ 15100, ಕೌಂಟರ್ ಮುಂದೆ ಈಗ ಅಂಟಿಸಿದ್ದೇನೆ.

ಕೇಸು ಇನ್ನೂ ನಡೆದಿದೆ. ಅಕ್ಕ ದುಡಿಯುತ್ತಿದ್ದಳು, ಏಳು ತಿಂಗಳ ದುಡಿಮೆ ಹೋಯಿತು ಎಂದು ತೋರಿಸಲು ನಮ್ಮ ಹತ್ತಿರ ಏನೂ ಇರಲಿಲ್ಲ. ಸಂಬಳದ ಚೀಟಿ ಇಲ್ಲ, ಬ್ಯಾಂಕಿನ ಕಾಗದ ಇಲ್ಲ. ಮೇಡಂ ಕೇಳಿದಾಗ ಅಕ್ಕ ಒಳಗಿನಿಂದ ಒಂದು 200 ಪುಟದ ನೋಟ್‌ಬುಕ್ ತಂದಳು. ರೊಟ್ಟಿ ಲೆಕ್ಕ. ಯಾವ ಮೆಸ್ಸಿಗೆ ಎಷ್ಟು, ಯಾರ ಬಾಕಿ ಎಷ್ಟು, ಜೋಳದ ರೇಟು ಎಷ್ಟು. ಹಾಳೆಗಳ ಅಂಚಿಗೆ ಹಿಟ್ಟು ಮೆತ್ತಿದೆ. 2022ರ ಫೆಬ್ರವರಿ 9ಕ್ಕೆ ನಿಂತಿದೆ, ಮತ್ತೆ ಸೆಪ್ಟೆಂಬರ್‌ನಲ್ಲಿ ಶುರು. ನಡುವೆ ಒಂದು ಹಾಳೆ ಖಾಲಿ ಬಿಟ್ಟಿದ್ದಾಳೆ. ಝೆರಾಕ್ಸ್ ಮಾಡುವಾಗ ಆ ಖಾಲಿ ಹಾಳೆಯನ್ನೂ ಮಾಡಲೋ ಎಂದು ಕೇಳಿದೆ. "ಮಾಡು" ಎಂದರು ಮೇಡಂ.

ಹೋದ ತಿಂಗಳು ದವಾಖಾನೆ ಕಡೆಯ ವಕೀಲರು ಬರವಣಿಗೆಯಲ್ಲಿ ಪ್ರಶ್ನೆಗಳನ್ನು ಕಳಿಸಿದರು. ಅದಕ್ಕೆ ಅಫಿಡವಿಟ್ ಮೇಲೆ ಉತ್ತರ ಕೊಡಬೇಕು. ಹನ್ನೊಂದನೇ ಪ್ರಶ್ನೆ, ಒಬ್ಬ ಹೆಂಗಸು ದಿನಕ್ಕೆ 150 ರೊಟ್ಟಿ ಬಡಿಯುವುದು ಸಾಧ್ಯವೇ, ಈ ಲೆಕ್ಕ ಸುಳ್ಳಲ್ಲವೇ ಎಂದು. ಅಕ್ಕನಿಗೆ ಓದಿ ಹೇಳಿದೆ. ಅವಳು ರೊಟ್ಟಿ ತಟ್ಟುತ್ತಲೇ ಇದ್ದಳು, ಕೈ ನಿಲ್ಲಿಸಲಿಲ್ಲ.

"ನಸುಕಿನ್ಯಾಗ ನಾಕಕ್ಕ ಬಂದು ಒಲಿ ಮುಂದ ಕುಂದರಲಿ, ಎಣಿಸಲಿ" ಎಂದಳು.

ನಾನು ಟೈಪ್ ಮಾಡಿದೆ: "ಉತ್ತರ 11: ಸಾಧ್ಯ."